ಹೊನ್ನಾಗಿದ್ದ ಹೂಳು ವಿಷವಾದ ಬಗೆ

ನೆರೆ ಬಂದರೆ ಹಾನಿ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಜಪಾನಿನ ವಾತರಾಸೆ ನದಿಯ ಬಯಲಿನ ರೈತರು ನೂರೈವತ್ತು ವರ್ಷಗಳ ಹಿಂದೆ ನೆರೆಯನ್ನು ಅಷ್ಟೊಂದು ಶಪಿಸುತ್ತಿರಲಿಲ್ಲ. ಹೊಳೆ ದಡ ಮೀರಿದರೆ ಆ ವರ್ಷದ ಬೆಳೆ ಕೈಬಿಟ್ಟೀತು, ನಿಜ. ಆದರೆ ನೀರು ಇಳಿದ ಮೇಲೆ ಗದ್ದೆಯಲ್ಲಿ ನಿಲ್ಲುತ್ತಿದ್ದ ಮೆಕ್ಕಲು, ಮೇಲಿನ ಬೆಟ್ಟಗಳ ಕಾಡಿನ ತರಗೆಲೆ ಕೊಳೆತು ಬಂದ ಮಣ್ಣು. ಅದು ಬಿದ್ದ ನೆಲಕ್ಕೆ ಮುಂದೆ ಗೊಬ್ಬರದ ಚಿಂತೆ ಇರುತ್ತಿರಲಿಲ್ಲ. ಭತ್ತ, ಹಿಪ್ಪುನೇರಳೆ, ನೀಲಿ ಎಲ್ಲವೂ ಸೊಂಪಾಗಿ ಬರುತ್ತಿದ್ದವು.

ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ಗಾಡಿ ಕಟ್ಟಿಕೊಂಡು ಗೋಡು ಹೊಡೆಯಲು ಹೋಗುತ್ತಿದ್ದ ನಮ್ಮ ಬಯಲುಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿವ ನೀರು ಹೊತ್ತು ತಂದ ನಯವಾದ ಮಣ್ಣು ಹೊಲಕ್ಕೆ ಹೊನ್ನು ಎಂಬುದು ನೈಲ್ ನದಿಯ ದಂಡೆಯಿಂದ ಕೋಲಾರದ ಕೆರೆಯಂಗಳದವರೆಗೆ ಬೇಸಾಯಗಾರರು ಕಂಡುಕೊಂಡ ಸತ್ಯ. ಆ ಸತ್ಯ ಎಲ್ಲಿ, ಯಾವಾಗ ಕೈಕೊಡುತ್ತದೆ ಎಂಬುದನ್ನು ಬಹುಶಃ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡ ಬೆಲೆ ತೆತ್ತು ಕಲಿತವರು ಜಪಾನಿನ ಎರಡು ನದಿಗಳ ರೈತರು.

ವಾತರಾಸೆ ಹುಟ್ಟುವುದು ತೋಚಿಗಿ ಪ್ರಾಂತದ ಅಶಿಯೊ ಬೆಟ್ಟಗಳಲ್ಲಿ. ಅಲ್ಲಿ 1610ರಿಂದಲೇ ತಾಮ್ರದ ಗಣಿಯಿತ್ತು. ತೊಕುಗಾವಾ ಅರಸರ ಕಾಲದಲ್ಲಿ ಮೆರೆದ ಗಣಿ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬಡವಾಗಿತ್ತು. ಅದನ್ನು 1877ರಲ್ಲಿ ಫುರುಕಾವಾ ಇಚಿಬೆ ಎಂಬ ಸಾಹಸಿ ವ್ಯಾಪಾರಿ ಕೊಂಡ. ಕೆಲವೇ ವರ್ಷಗಳಲ್ಲಿ ಭಾರಿ ಅದಿರಿನ ಪದರಗಳು ಸಿಕ್ಕವು. ಹೊಸದಾಗಿ ಮೈಕೊಡವಿ ಎದ್ದಿದ್ದ ಮೇಜಿ ಜಪಾನಿಗೆ ತಾಮ್ರ ಬೇಕಿತ್ತು. ತಂತಿಗೆ, ತೋಪಿಗೆ, ಎಲ್ಲಕ್ಕಿಂತ ಹೆಚ್ಚಾಗಿ ರಫ್ತಿಗೆ. ದೇಶದ ತಾಮ್ರದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಅಶಿಯೊದಿಂದಲೇ ಬರತೊಡಗಿತು.

ತಾಮ್ರ ಕರಗಿಸುವ ಕುಲುಮೆಗೆ ಸೌದೆ ಬೇಕು, ಸುರಂಗಕ್ಕೆ ಆಸರೆಯ ಮರ ಬೇಕು. ಕಾಡು ಉರುಳಿತು. ಉಳಿದದ್ದನ್ನು ಕುಲುಮೆಯ ಗಂಧಕದ ಹೊಗೆ ಸುಟ್ಟಿತು. ಹೊಗೆಯ ದಾರಿಯಲ್ಲಿದ್ದ ಮತ್ಸುಗಿ ಎಂಬ ಹಳ್ಳಿ 1902ರಲ್ಲಿ ಪೂರ್ತಿ ಖಾಲಿಯಾಯಿತು. ಬೋಳಾದ ಬೆಟ್ಟ ಮಳೆಯನ್ನು ಹಿಡಿದಿಡಲಾರದು, ಮಣ್ಣನ್ನೂ ಹಿಡಿಯಲಾರದು. ಹೀಗೆ ನೆರೆ ಹೆಚ್ಚಿತು, ನೆರೆಯಲ್ಲಿ ಬರುವ ಹೂಳೂ ಹೆಚ್ಚಿತು. ಆದರೆ ಈಗ ಆ ಹೂಳು ಕಾಡಿನ ಕಪ್ಪು ಮಣ್ಣಾಗಿರಲಿಲ್ಲ. ಗಣಿಯಲ್ಲಿ ಅದಿರು ಬೇರ್ಪಡಿಸಿ ಹೊಳೆಗೆ ಸುರಿದ ಕಲ್ಲುಹುಡಿ ಅದರಲ್ಲಿ ಬೆರೆತಿತ್ತು.

ಮೊದಲು ಸತ್ತದ್ದು ಮೀನು. ರೈತರಿಗೆ ಸಂಗತಿ ಪೂರ್ತಿ ಅರ್ಥವಾದದ್ದು 1890ರ ಆಗಸ್ಟಿನ ದೊಡ್ಡ ನೆರೆಯಲ್ಲಿ. ಎಂದಿನಂತೆ ನೀರು ಇಳಿಯಿತು, ಎಂದಿನಂತೆ ಮಣ್ಣು ಉಳಿಯಿತು. ಆದರೆ ಆ ಮಣ್ಣು ಬಿದ್ದ ಗದ್ದೆಯಲ್ಲಿ ಪೈರು ಬದುಕಲಿಲ್ಲ, ನೇರಳೆಯ ಗಿಡ ಒಣಗಿತು. ತಲೆಮಾರುಗಳಿಂದ ಗೊಬ್ಬರವೆಂದು ನಂಬಿದ್ದ ವಸ್ತುವೇ ಬೆಳೆಯನ್ನು ತಿಂದುಹಾಕಿತ್ತು. ರೈತರು ಆ ಮಣ್ಣನ್ನು ಪರೀಕ್ಷೆಗೆ ಕೊಟ್ಟರು. ಸಾಮ್ರಾಜ್ಯ ವಿಶ್ವವಿದ್ಯಾಲಯದ ಕೃಷಿ ಕಾಲೇಜಿನ ಕೊಜಾಯ್ ಯೋಶಿನಾವೊ ಅದನ್ನು ವಿಶ್ಲೇಷಿಸಿ, ಹಾನಿಗೆ ತಾಮ್ರವೇ ಕಾರಣವೆಂದು 1891ರಲ್ಲಿ ಬರೆದುಕೊಟ್ಟರು. ಹೊಲದ ಮಣ್ಣಿನಲ್ಲಿರುವ ಲೋಹವನ್ನು ವಿಜ್ಞಾನಿಯೊಬ್ಬ ಅಳೆದು ರೈತನ ಪರವಾಗಿ ಸಾಕ್ಷಿ ನುಡಿದ ಮೊದಲ ಪ್ರಸಂಗಗಳಲ್ಲಿ ಇದೂ ಒಂದು. ಕೊಜಾಯ್ ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

ಅದೇ ವರ್ಷ ಡಿಸೆಂಬರಿನಲ್ಲಿ ತನಾಕಾ ಶೋಜೊ ಎಂಬ ಸದಸ್ಯ ಹೊಸ ಸಂಸತ್ತಿನಲ್ಲಿ ಈ ಪ್ರಶ್ನೆಯನ್ನೆತ್ತಿದ. ಆಗ ಕೃಷಿ ಮತ್ತು ವಾಣಿಜ್ಯ ಸಚಿವನಾಗಿದ್ದವನು ಮುತ್ಸು ಮುನೆಮಿತ್ಸು. ಅವನ ಎರಡನೆಯ ಮಗನನ್ನು ದತ್ತು ತೆಗೆದುಕೊಂಡಿದ್ದವನು ಗಣಿಯ ಒಡೆಯ ಫುರುಕಾವಾ. ಉತ್ತರ ಹೇಗಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. 1896ರಲ್ಲಿ ಮತ್ತೆ ದೊಡ್ಡ ನೆರೆ. ರೈತರು ಟೋಕಿಯೊಗೆ ಕಾಲ್ನಡಿಗೆಯಲ್ಲಿ ಹೊರಟರು, ಪೊಲೀಸರು ತಡೆದರು. 1900ರ ಫೆಬ್ರುವರಿಯಲ್ಲಿ ಕವಾಮಾತಾ ಎಂಬಲ್ಲಿ ಲಾಠಿ ಬೀಸಿ ಚದುರಿಸಿ, ಹಲವರನ್ನು ಬಂಧಿಸಿದರು. ತನಾಕಾ ಸದಸ್ಯತ್ವ ಬಿಟ್ಟ. 1901ರ ಡಿಸೆಂಬರ್ 10ರಂದು, ಸಂಸತ್ತಿನಿಂದ ಹೊರಟ ಚಕ್ರವರ್ತಿಯ ಸಾರೋಟಿನ ಬಳಿಗೆ ಮನವಿಪತ್ರ ಹಿಡಿದು ಓಡಿದ. ಆ ಕಾಲದಲ್ಲಿ ಅದು ತಲೆದಂಡಕ್ಕೆ ಸಮನಾದ ಸಾಹಸ. ಹುಚ್ಚನೆಂದು ಹೇಳಿ ಸರ್ಕಾರ ಅವನನ್ನು ಬಿಟ್ಟುಬಿಟ್ಟಿತು.

ಸರ್ಕಾರ ಕಂಡುಕೊಂಡ ಪರಿಹಾರ ವಿಚಿತ್ರವಾದದ್ದು. ಗಣಿಯನ್ನು ನಿಲ್ಲಿಸುವ ಬದಲು, ವಿಷದ ಹೂಳು ಬಂದು ನಿಲ್ಲಲು ಕೆಳಗೆ ಒಂದು ದೊಡ್ಡ ತಗ್ಗು ಮಾಡುವುದು. ಅದಕ್ಕೆ ಯಾನಾಕಾ ಎಂಬ ಹಳ್ಳಿಯನ್ನೇ ಆರಿಸಿದರು. ಕೊನೆಯವರೆಗೂ ಒಕ್ಕಲೆಬ್ಬದೆ ಉಳಿದಿದ್ದ 16 ಮನೆಗಳನ್ನು 1907ರಲ್ಲಿ ಕೆಡವಿದರು. ತನಾಕಾ ಆ ಹಳ್ಳಿಗರ ಜೊತೆಗೇ ಹೋಗಿ ನೆಲೆಸಿದ್ದ. 1913ರಲ್ಲಿ ಅವನು ತೀರಿಕೊಂಡಾಗ ಅವನ ಚೀಲದಲ್ಲಿದ್ದ ಆಸ್ತಿಯಲ್ಲಿ ಬೈಬಲಿನ ಹೊಸ ಒಡಂಬಡಿಕೆ, ದೇಶದ ಸಂವಿಧಾನದ ಪ್ರತಿ, ದಿನಚರಿ ಮತ್ತು ಕೆಲವು ಬೆಣಚುಕಲ್ಲುಗಳಿದ್ದವು. ಆ ತಗ್ಗು ಇಂದು ಹುಲ್ಲು, ಹಕ್ಕಿಗಳ ಜೌಗುಭೂಮಿಯಾಗಿ 2012ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ.

ಇತ್ತ ರೈತರು ತಮ್ಮ ಪಾಡಿಗೆ ತಾವು ಮಾಡಿದ್ದೇನು? ಗದ್ದೆಗೆ ಬಂದು ಬಿದ್ದ ಮಣ್ಣನ್ನು ಗುದ್ದಲಿಯಿಂದ ಕೆರೆದು ತೆಗೆದರು. ತೆಗೆದದ್ದನ್ನು ಎಲ್ಲಿಗೆ ಸಾಗಿಸುವುದು? ಹೊಳೆಗೆ ಹಾಕಿದರೆ ಕೆಳಗಿನವನ ಗದ್ದೆಗೆ ಹೋಗುತ್ತದೆ. ಹೀಗಾಗಿ ತಮ್ಮ ತಮ್ಮ ಹೊಲದ ಮೂಲೆಯಲ್ಲೇ ಗುಡ್ಡೆ ಹಾಕಿದರು. ಆ ಗುಡ್ಡೆಗಳಿಗೆ ‘ವಿಷದ ದಿಬ್ಬ’ ಎಂದೇ ಹೆಸರು ಬಿತ್ತು. ಇದ್ದ ತುಂಡು ನೆಲದಲ್ಲಿ ಒಂದು ಪಾಲನ್ನು ದಿಬ್ಬಕ್ಕೆ ಬಿಟ್ಟುಕೊಟ್ಟು ಉಳಿದದ್ದನ್ನು ಉತ್ತರು.

ಇಲ್ಲಿ ಸ್ವಲ್ಪ ನಿಂತು, ಮೆಕ್ಕಲು ಮಣ್ಣಿಗೂ ಲೋಹಕ್ಕೂ ಇರುವ ನಂಟನ್ನು ನೋಡಬೇಕು. ಹೂಳಿನ ಕಣ ಎಷ್ಟು ಸಣ್ಣದೋ ಒಟ್ಟಾರೆ ಅದರ ಮೈ ಅಷ್ಟು ದೊಡ್ಡದು. ಜೇಡಿಯ ಕಣಗಳು, ಕೊಳೆತ ಸಸ್ಯಾಂಶ, ಕಬ್ಬಿಣ ಮತ್ತು ಮ್ಯಾಂಗನೀಸಿನ ತುಕ್ಕಿನಂಥ ಲೇಪ ಇವೆಲ್ಲ ತಮ್ಮ ಮೈಮೇಲೆ ಪೋಷಕಾಂಶಗಳನ್ನು ಹಿಡಿದಿಡುತ್ತವೆ. ಹೂಳು ಫಲವತ್ತಾಗಿರುವುದೇ ಇದರಿಂದ. ಆದರೆ ಈ ಹಿಡಿತಕ್ಕೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಸುಣ್ಣದ ಅಂಶವನ್ನು ಹಿಡಿಯುವ ಕಣವೇ ತಾಮ್ರವನ್ನೂ, ಸೀಸವನ್ನೂ, ಕ್ಯಾಡ್ಮಿಯಂ ಅನ್ನೂ ಹಿಡಿಯುತ್ತದೆ. ಆದ್ದರಿಂದ ಹೊಳೆಯ ನೀರು ತಿಳಿಯಾಗಿ, ಕುಡಿಯಲು ಯೋಗ್ಯವಾಗಿ ಕಂಡರೂ ಅದರ ತಳದ ಕೆಸರಿನಲ್ಲಿ ಲೋಹ ಹಲವು ಪಟ್ಟು ಹೆಚ್ಚಾಗಿ ಮಡುಗಟ್ಟಿರಬಹುದು. ಸಾವಯವ ವಿಷವಾದರೆ ಕಾಲಕ್ರಮದಲ್ಲಿ ಕೊಳೆತು ಹೋದೀತು. ಲೋಹ ಮೂಲವಸ್ತು, ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಉಳುಮೆಯ ಪದರಕ್ಕೆ ಒಮ್ಮೆ ಸೇರಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಒಂದು ಲೆಕ್ಕದಲ್ಲಿ ತಾಮ್ರ ಪ್ರಾಮಾಣಿಕ ಶತ್ರು. ಹೆಚ್ಚಾದರೆ ಪೈರಿನ ಬೇರನ್ನೇ ಸುಡುತ್ತದೆ, ರೈತನ ಕಣ್ಣಿಗೆ ಕಾಣುತ್ತದೆ. ಸತ್ತ ಪೈರನ್ನು ಯಾರೂ ಉಣ್ಣಲಾರರು. ಅಶಿಯೊ ಕಲಿಸಿದ ಪಾಠ ಇಷ್ಟು: ವಿಷದ ಮಣ್ಣು ಬೆಳೆಯನ್ನು ಕೊಲ್ಲುತ್ತದೆ. ಈ ಪಾಠ ಅರ್ಧ ಮಾತ್ರ ನಿಜವೆಂದು ಗೊತ್ತಾದದ್ದು ಇನ್ನೊಂದು ನದಿಯಲ್ಲಿ.

ಜಪಾನ್ ಸಮುದ್ರದ ಕಡೆ, ತೊಯಾಮಾ ಕೊಲ್ಲಿಗೆ ಸೇರುವ ಆ ನದಿಯ ಹೆಸರು ಜಿಂಜೂ. ಬೌದ್ಧರ ಮಾತಿನಲ್ಲಿ ಅದಕ್ಕೆ ಅಲೌಕಿಕ ಶಕ್ತಿ, ಸಿದ್ಧಿ ಎಂಬ ಅರ್ಥವಿದೆ. ಬೆಟ್ಟದಿಂದ ಇಳಿದು ತೊಯಾಮಾ ಬಯಲಿಗೆ ಬಂದೊಡನೆ ಅದರಿಂದ ಎಡಬಲಕ್ಕೆ ಕಾಲುವೆಗಳು ಒಡೆಯುತ್ತವೆ. ಇಡೀ ಬಯಲು ಭತ್ತದ ಗದ್ದೆ. ಮೇಲೆ, ಅದರ ಉಪನದಿ ತಕಾಹರಾದ ದಂಡೆಯಲ್ಲಿ ಕಾಮಿಯೊಕಾ ಗಣಿ. ಹದಿನಾರನೆಯ ಶತಮಾನದ ಕೊನೆಯಿಂದ ಅಲ್ಲಿ ಬೆಳ್ಳಿ ತೆಗೆಯುತ್ತಿದ್ದರು. 1874ರಲ್ಲಿ ಮಿತ್ಸುಯಿ ಸಂಸ್ಥೆ ಅಲ್ಲಿ ಕಾಲಿಟ್ಟಿತು. ಬೆಳ್ಳಿ, ಸೀಸದ ಜೊತೆಗೆ ಅಲ್ಲಿನ ಬಂಡೆಯಲ್ಲಿ ಸತುವಿನ ಅದಿರೂ ಧಾರಾಳವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸತುವನ್ನು ಕೇಳುವವರಿಲ್ಲ. ಅದನ್ನು ಹೊಳೆಗೆ ಎಸೆಯುತ್ತಿದ್ದರು. ಯುದ್ಧಗಳ ಕಾಲ ಬಂದು ಸತುವಿಗೂ ಬೆಲೆ ಬಂತು. ಸತು ಇದ್ದಲ್ಲಿ ಅದರ ನೆರಳಿನಂತೆ ಕ್ಯಾಡ್ಮಿಯಂ ಇದ್ದೇ ಇರುತ್ತದೆ. 1817ರಲ್ಲಿ ಜರ್ಮನಿಯ ಸ್ಟ್ರೊಮೇಯರ್ ಈ ಲೋಹವನ್ನು ಮೊದಲು ಕಂಡದ್ದೂ ಸತುವಿನ ಸಂಯುಕ್ತದಲ್ಲೇ.

ಅದಿರನ್ನು ಹಿಟ್ಟಿನಂತೆ ಅರೆದು ನೀರಿನಲ್ಲಿ ನೊರೆಯೆಬ್ಬಿಸಿ ಲೋಹಾಂಶವನ್ನು ತೇಲಿಸಿ ತೆಗೆಯುವ ವಿಧಾನ ಬಂದ ಮೇಲೆ ಉತ್ಪಾದನೆ ಏರಿತು. ಕಸವೂ ಹಿಟ್ಟಿನಷ್ಟೇ ನಯವಾಯಿತು. ಮೊದಲಿನ ದಪ್ಪ ಹುಡಿ ಗಣಿಯ ಕೆಳಗೇ ತಂಗುತ್ತಿತ್ತು. ಈ ಹೊಸ ಹುಡಿ ಹೊಳೆಯಲ್ಲಿ ಹಾಲಿನಂತೆ ಬೆರೆತು ಹತ್ತಾರು ಮೈಲಿ ಕೆಳಗಿನ ಕಾಲುವೆಗೆ, ಅಲ್ಲಿಂದ ಗದ್ದೆಗೆ ಬಂತು. ಇಲ್ಲಿ ನೆರೆಯೂ ಬೇಕಾಗಿರಲಿಲ್ಲ. ಗದ್ದೆಗೆ ನೀರು ಕಟ್ಟಿದಾಗಲೆಲ್ಲ ರೈತ ತಿಳಿಯದೆಯೇ ಒಂದಿಷ್ಟು ಲೋಹದ ಮಣ್ಣನ್ನು ಹೊಲಕ್ಕೆ ಹರಡುತ್ತಿದ್ದ. ನಿಂತ ನೀರಿನಲ್ಲಿ ಅದು ತಳಕ್ಕಿಳಿಯುತ್ತಿತ್ತು. ನೀರು ಒಳಬರುವ ಮಡೆಯ ಬಳಿ ಹೆಚ್ಚು, ಆಚೆ ಬದುವಿನ ಬಳಿ ಕಡಿಮೆ. ಮಡೆಯ ಬಳಿಯ ಪೈರು ಕುಂಠಿತವಾಗುವುದನ್ನು ರೈತರು ಕಂಡಿದ್ದರು, ದೂರಿದ್ದರು, ಬೆಳೆಹಾನಿಗೆ ಪರಿಹಾರವನ್ನೂ ಪಡೆದಿದ್ದರು. ಉಳಿದ ಗದ್ದೆ ಹಸಿರಾಗಿತ್ತು. ಆ ಹಸಿರನ್ನು ನಂಬಿದ್ದೇ ತಪ್ಪಾಯಿತು.

ಕ್ಯಾಡ್ಮಿಯಂ ಪೈರನ್ನು ಕೊಲ್ಲುವ ಮಟ್ಟಕ್ಕೆ ಬರುವ ಎಷ್ಟೋ ಮೊದಲೇ ಕಾಳಿಗೆ ಇಳಿಯುತ್ತದೆ. ಭತ್ತದ ಗದ್ದೆಯಲ್ಲಿ ಇದಕ್ಕೆ ಇನ್ನೊಂದು ಸೂಕ್ಷ್ಮವಿದೆ. ನೀರು ನಿಂತಿರುವಷ್ಟು ಕಾಲ ಮಣ್ಣಿನಲ್ಲಿ ಗಾಳಿಯಿಲ್ಲ; ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದ ರೂಪದಲ್ಲಿ ಬಿದ್ದಿರುತ್ತದೆ. ಕೊಯ್ಲಿಗೆ ಮುಂಚೆ ರೈತ ನೀರು ಬಿಟ್ಟು ಗದ್ದೆ ಆರಿಸುತ್ತಾನೆ. ಆಗ ಗಾಳಿಯಾಡಿ ಲೋಹ ಕರಗುವ ರೂಪಕ್ಕೆ ಮರಳುತ್ತದೆ, ಬೇರು ಹೀರುತ್ತದೆ. ಅದೂ ಕಾಳು ಕಟ್ಟುವ ಹೊತ್ತಿನಲ್ಲಿ. ಒಳ್ಳೆಯ ಬೇಸಾಯದ ಕ್ರಮವೇ ಇಲ್ಲಿ ವಿಷಕ್ಕೆ ಬಾಗಿಲು ತೆರೆಯುವುದು ಸೋಜಿಗವೆನ್ನಬೇಕು.

ಫುಚು ಎಂಬ ಊರಿನ ವೈದ್ಯ ಹಗಿನೊ ನೊಬೊರು 1946ರಲ್ಲಿ ಯುದ್ಧದಿಂದ ಮರಳಿ ತಮ್ಮ ಮನೆತನದ ಆಸ್ಪತ್ರೆಯನ್ನು ಹಿಡಿದಾಗ, ಒಂದೇ ಬಗೆಯ ರೋಗಿಗಳು ಬರತೊಡಗಿದರು. ಹೆಚ್ಚಿನವರು ನಡುವಯಸ್ಸು ದಾಟಿದ, ಹಲವು ಮಕ್ಕಳನ್ನು ಹೆತ್ತ ರೈತ ಹೆಂಗಸರು. ಸೊಂಟ, ತೊಡೆ ನೋವಿನಿಂದ ಶುರುವಾಗಿ, ಬಾತುಕೋಳಿಯ ನಡಿಗೆಯಾಗಿ, ಕೊನೆಗೆ ಹಾಸಿಗೆ ಹಿಡಿಯುತ್ತಿದ್ದರು. ಕೆಮ್ಮಿದರೆ ಪಕ್ಕೆಲುಬು ಮುರಿಯುತ್ತಿತ್ತು. ‘ಇತಾಯ್, ಇತಾಯ್’ ಎಂದು, ಅಂದರೆ ‘ನೋವು, ನೋವು’ ಎಂದು ನರಳುತ್ತಿದ್ದರು. 1955ರಲ್ಲಿ ಪತ್ರಿಕೆಯೊಂದರ ವರದಿಯ ಮೂಲಕ ಅದೇ ರೋಗದ ಹೆಸರಾಯಿತು. ಪೌಷ್ಟಿಕಾಂಶದ ಕೊರತೆ, ಅತಿ ದುಡಿಮೆ ಎಂದು ತಿಳಿದವರು ಹೇಳಿದರು. ಹಳ್ಳಿಯಲ್ಲಿ ಕೆಲವರು ಪೂರ್ವಜನ್ಮದ ಕರ್ಮವೆಂದರು.

ಹಗಿನೊ ಮಾಡಿದ ಕೆಲಸ ಸರಳವಾದದ್ದು. ನಕ್ಷೆಯ ಮೇಲೆ ರೋಗಿಗಳ ಮನೆಗಳಿಗೆ ಚುಕ್ಕೆ ಹಾಕಿದರು. ಚುಕ್ಕೆಗಳು ಜಿಂಜೂ ನದಿಯ ನೀರು ಉಣ್ಣುವ ಗದ್ದೆಗಳ ಮಧ್ಯೆಯೇ ಗುಂಪುಗೂಡಿದ್ದವು. ಪಕ್ಕದ ಬೇರೆ ಹೊಳೆಗಳ ನೀರಿನ ಊರುಗಳಲ್ಲಿ ರೋಗವಿಲ್ಲ. 1957ರಲ್ಲಿ ಗಣಿಯತ್ತ ಬೊಟ್ಟು ಮಾಡಿದಾಗ ಹಳ್ಳಿ ವೈದ್ಯನ ಹುಚ್ಚಾಟವೆಂದು ಹಲವರು ನಕ್ಕರು. ಕೃಷಿತಜ್ಞ ಯೋಶಿಯೊಕಾ ಕಿನ್‌ಇಚಿ ಮತ್ತು ಒಕಾಯಾಮಾ ವಿಶ್ವವಿದ್ಯಾಲಯದ ಕೊಬಾಯಾಶಿ ಜುನ್ ಜೊತೆಗೂಡಿದರು. ನೀರು, ಮಣ್ಣು, ಅಕ್ಕಿ, ಸತ್ತವರ ಅಂಗಾಂಗ ಎಲ್ಲದರಲ್ಲೂ ಕ್ಯಾಡ್ಮಿಯಂ ಸಿಕ್ಕಿತು. 1961ರಲ್ಲಿ ಹಗಿನೊ ಮತ್ತು ಯೋಶಿಯೊಕಾ ಅದನ್ನು ವೈದ್ಯರ ಸಭೆಯ ಮುಂದಿಟ್ಟರು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಶೇಖರವಾಗಿ, ದೇಹದ ಸುಣ್ಣದ ಲೆಕ್ಕಾಚಾರವನ್ನು ಕೆಡಿಸಿ ಮೂಳೆಯನ್ನು ಮೆತ್ತಗಾಗಿಸುತ್ತದೆ ಎಂಬುದು ಈಗ ಸಿದ್ಧವಾದ ವಿಷಯ. ಒಮ್ಮೆ ಮೂತ್ರಪಿಂಡ ಸೇರಿದ್ದು ಅರ್ಧ ಇಳಿಯಲು 10ರಿಂದ 30 ವರ್ಷ ಬೇಕು.

ರೈತರು ಮಾತ್ರ ಬಹುಕಾಲ ಬಾಯಿಬಿಡಲಿಲ್ಲ. ಕಾರಣ ಬೇರೆ. ಊರಿನ ಹೆಸರು ಹೊರಬಿದ್ದರೆ ಅಕ್ಕಿಯನ್ನು ಕೊಳ್ಳುವವರಿಲ್ಲ, ಊರಿಗೆ ಹೆಣ್ಣು ಕೊಡುವವರಿಲ್ಲ. ರೋಗಿಯನ್ನು ಒಳಕೋಣೆಯಲ್ಲಿ ಮುಚ್ಚಿಟ್ಟ ಮನೆಗಳಿದ್ದವು. 1966ರಲ್ಲಿ ಸಂತ್ರಸ್ತರ ಸಂಘ ಹುಟ್ಟಿತು. 1968ರ ಮಾರ್ಚ್ 9ರಂದು ಅವರು ಮಿತ್ಸುಯಿ ಗಣಿ ಕಂಪನಿಯ ಮೇಲೆ ದಾವೆ ಹೂಡಿದರು. ಎರಡೇ ತಿಂಗಳಲ್ಲಿ, ಮೇ 8ರಂದು, ಸರ್ಕಾರ ಇದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿತು. 1971ರಲ್ಲಿ ತೊಯಾಮಾ ನ್ಯಾಯಾಲಯದಲ್ಲೂ 1972ರ ಆಗಸ್ಟ್ 9ರಂದು ಮೇಲಿನ ನ್ಯಾಯಾಲಯದಲ್ಲೂ ರೈತರು ಗೆದ್ದರು. ದೇಹದೊಳಗೆ ಲೋಹ ಹೇಗೆ ಕೆಲಸ ಮಾಡಿತೆಂಬುದರ ಪ್ರತಿ ಹೆಜ್ಜೆಯನ್ನೂ ಸಾಬೀತು ಮಾಡಬೇಕಿಲ್ಲ, ರೋಗ ಎಲ್ಲಿ ಯಾರಿಗೆ ಬಂತೆಂಬ ಅಧ್ಯಯನವೇ ಸಾಕು ಎಂಬ ಆ ತೀರ್ಪಿನ ನಿಲುವು ಮುಂದಿನ ಮೊಕದ್ದಮೆಗಳಿಗೂ ದಾರಿಯಾಯಿತು.

ತೀರ್ಪಿನ ಮರುದಿನ ಟೋಕಿಯೊದ ಕಂಪನಿ ಕಚೇರಿಯಲ್ಲಿ ನಡೆದದ್ದು ತೀರ್ಪಿನಷ್ಟೇ ಮುಖ್ಯ. ಹಳ್ಳಿಗರು ದುಡ್ಡಿಗೆ ನಿಲ್ಲಲಿಲ್ಲ. ರೋಗಿಗಳಿಗೆ ಪರಿಹಾರದ ಜೊತೆಗೆ ಮಣ್ಣನ್ನು ಸರಿಮಾಡಿಕೊಡುವ ವಾಗ್ದಾನ, ಮತ್ತು ಬೇಕೆಂದಾಗ ತಜ್ಞರೊಡನೆ ಗಣಿಗೆ ನುಗ್ಗಿ ನೋಡುವ ಹಕ್ಕು, ಅದೂ ಕಂಪನಿಯ ಖರ್ಚಿನಲ್ಲಿ. ಇವನ್ನು ಬರೆಸಿಕೊಂಡೇ ಎದ್ದರು.

ಜಪಾನ್ 1970ರಲ್ಲಿ ಹೊಲದ ಮಣ್ಣಿನ ಮಾಲಿನ್ಯದ ಬಗ್ಗೆ ಪ್ರತ್ಯೇಕ ಕಾಯ್ದೆ ಮಾಡಿತ್ತು. ಕಿಲೋ ಅಕ್ಕಿಯಲ್ಲಿ 1 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ ಅದು ಊಟಕ್ಕಲ್ಲ. ಅದಕ್ಕಿಂತ ಕಡಿಮೆಯಿದ್ದು 0.4 ಮಿಲಿಗ್ರಾಂ ದಾಟಿದ ಅಕ್ಕಿಯನ್ನು ಸರ್ಕಾರವೇ ಕೊಂಡು, ಅಂಟು ಮುಂತಾದ ಕೈಗಾರಿಕೆಯ ಬಳಕೆಗೆ ತಿರುಗಿಸುತ್ತಿತ್ತು. 2011ರಿಂದ 0.4 ಮಿಲಿಗ್ರಾಮೇ ಕಾನೂನಿನ ಮಿತಿ. ಜಿಂಜೂ ಬಯಲಿನಲ್ಲಿ ಸುಮಾರು 1,500 ಹೆಕ್ಟೇರ್ ನೆಲ ಕೆಟ್ಟಿದೆಯೆಂದು ಗುರುತಿಸಿದರು. ಸರಿಪಡಿಸುವುದು ಹೇಗೆ? ಸುಣ್ಣ ಹಾಕಿ, ನೀರು ನಿಲ್ಲಿಸಿ ಲೋಹವನ್ನು ಮಲಗಿಸಬಹುದು; ತೆಗೆಯಲಾಗದು. ಕೊನೆಗೆ ಉಳಿದದ್ದು ಗುದ್ದಲಿಯ ದಾರಿಯೇ, ಯಂತ್ರದ ಗುದ್ದಲಿ. ಮೇಲ್ಮಣ್ಣನ್ನು ಬಗೆದು ಗದ್ದೆಯ ಅಡಿಯಲ್ಲೇ ಹೂತು, ಮೇಲೆ ಗಟ್ಟಿ ಪದರ ಹಾಸಿ, ಅದರ ಮೇಲೆ ಬೆಟ್ಟದಿಂದ ತಂದ ಹೊಸ ಮಣ್ಣನ್ನು ಹರಡಿದರು. 1979ರಲ್ಲಿ ಆರಂಭವಾದ ಕೆಲಸ ಮುಗಿದದ್ದು 2012ರಲ್ಲಿ. 863 ಹೆಕ್ಟೇರ್ ಗದ್ದೆ ಮರಳಿ ಬಂತು. ಖರ್ಚು ಸುಮಾರು 4,070 ಕೋಟಿ ಯೆನ್. ಉಳಿದ ನೆಲದ ಬಹುಭಾಗ ಅಷ್ಟರಲ್ಲಿ ಮನೆ, ರಸ್ತೆ, ಕಾರ್ಖಾನೆಗಳ ಪಾಲಾಗಿತ್ತು. ಬೆಟ್ಟದ ಹಸಿ ಮಣ್ಣಿಗೆ ಹಳೆಯ ಮೆಕ್ಕಲಿನ ಸತ್ವ ಎಲ್ಲಿಂದ ಬರಬೇಕು? ಅದಕ್ಕೆ ಗೊಬ್ಬರ ಉಣಿಸಿ ಹದಕ್ಕೆ ತರುವ ಕೆಲಸ ರೈತರದ್ದಾಯಿತು.

ಅಧಿಕೃತವಾಗಿ ರೋಗಿಗಳೆಂದು ಗುರುತಿಸಿದ್ದು ಸುಮಾರು 200 ಜನರನ್ನು. 1967ರಲ್ಲಿ ಗುರುತಿಸುವ ಏರ್ಪಾಡು ಬರುವ ಮುನ್ನವೇ ಸತ್ತವರು ಆ ಲೆಕ್ಕದಲ್ಲಿಲ್ಲ.

ಕೆರೆ ಹೂಳೆತ್ತಿ ಹೊಲಕ್ಕೆ ಹಾಕುವ ಯೋಜನೆಗಳ ಕಾಲದಲ್ಲಿ ಈ ಕಥೆ ನಮಗೂ ಹೊರತಲ್ಲ. ಕಾಡು, ಹೊಲ, ಹುಲ್ಲುಗಾವಲಿನ ಜಲಾನಯನದಿಂದ ಬಂದ ಗೋಡು ಇಂದಿಗೂ ಹೊನ್ನೇ. ಆದರೆ ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ನೀರನ್ನು ವೃಷಭಾವತಿಯ ಮೂಲಕ ದಶಕಗಳ ಕಾಲ ಕುಡಿದ ಬೈರಮಂಗಲದಂಥ ಕೆರೆಯ ಹೂಳನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು. ಬಣ್ಣ, ವಾಸನೆ, ಪೈರಿನ ಹಸಿರು ಇವು ಯಾವುವೂ ಲೋಹದ ಸುಳಿವು ಕೊಡುವುದಿಲ್ಲ. ರೈತ ಮಾಡಿಸುವ ಸಾಮಾನ್ಯ ಮಣ್ಣು ಪರೀಕ್ಷೆ ನೋಡುವುದು ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಬೆಳೆಗೆ ಬೇಕಾದ ಕೆಲವು ಪೋಷಕಾಂಶಗಳನ್ನು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ನೋಡಲು ಬೇರೆಯೇ ಕೇಳಬೇಕು. ಲಾರಿಗಟ್ಟಲೆ ಹೂಳು ಹೊಲಕ್ಕೆ ಬಿದ್ದ ಮೇಲೆ ಕೇಳುವುದಕ್ಕಿಂತ, ಕೆರೆಯ ಅಂಗಳದಲ್ಲೇ ನಾಲ್ಕಾರು ಕಡೆ ಮಣ್ಣು ತೆಗೆದು ಮೊದಲೇ ಕೇಳುವುದು ಅಗ್ಗ.

ಅಶಿಯೊ ಗಣಿ 1973ರಲ್ಲಿ ಮುಚ್ಚಿತು. ವಾತರಾಸೆಯ ರೈತರಿಗೆ ಕಂಪನಿ 155 ಕೋಟಿ ಯೆನ್ ಪರಿಹಾರ ಕೊಟ್ಟದ್ದು 1974ರಲ್ಲಿ, ಆ ದೊಡ್ಡ ನೆರೆಯಾದ 84 ವರ್ಷಗಳ ಮೇಲೆ. ಗಣಿ ಮುಚ್ಚಿದರೂ ಗಣಿಯ ಹುಡಿ ಬೆಟ್ಟದ ಕಣಿವೆಗಳಲ್ಲಿ ರಾಶಿಬಿದ್ದಿದೆ. ಗೆಂಗೊರೊಸಾವಾ ಎಂಬಲ್ಲಿನ ರಾಶಿ 1958ರಲ್ಲಿ ಕುಸಿದು ಸುಮಾರು 6,000 ಹೆಕ್ಟೇರ್ ಗದ್ದೆಗೆ ಹಾನಿ ಮಾಡಿತ್ತು. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ಮತ್ತೆ ಜಾರಿ ಹೊಳೆಗೆ ಸೀಸ ಸೇರಿತು. ಕಾಮಿಯೊಕಾದಲ್ಲಿ 2001ರಲ್ಲಿ ಅದಿರು ತೆಗೆಯುವುದು ನಿಂತಿತು. ಆ ಗಣಿಯ ಸುರಂಗಗಳಲ್ಲಿ ಈಗ ನ್ಯೂಟ್ರಿನೊ ಕಣಗಳನ್ನು ಹಿಡಿಯುವ ಪ್ರಯೋಗಶಾಲೆಯಿದೆ. ಅಲ್ಲಿನ ಸಂಶೋಧನೆಗೆ 2002 ಮತ್ತು 2015ರಲ್ಲಿ ನೊಬೆಲ್ ಬಹುಮಾನಗಳು ಬಂದಿವೆ. ಹೊರಗೆ, ದಶಕಗಳ ಹುಡಿಯನ್ನು ಕಟ್ಟೆ ಕಟ್ಟಿ ನಿಲ್ಲಿಸಿದ ರಾಶಿಗಳಿವೆ. 1972ರಲ್ಲಿ ಬರೆಸಿಕೊಂಡ ಹಕ್ಕಿನ ಬಲದಿಂದ ಜಿಂಜೂ ಬಯಲಿನ ಹಳ್ಳಿಗರು ತಜ್ಞರೊಡನೆ ವರ್ಷವರ್ಷವೂ ಬೆಟ್ಟ ಹತ್ತಿ ಹೋಗಿ ಆ ಕಟ್ಟೆಗಳನ್ನೂ, ಅವುಗಳಿಂದ ಹೊಳೆಗೆ ಹರಿಯುವ ನೀರನ್ನೂ ತಪಾಸಣೆ ಮಾಡುತ್ತ ಬಂದಿದ್ದಾರೆ. ನದಿಯ ನೀರಿನಲ್ಲಿ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಇಳಿದಿದೆ. ತಪಾಸಣೆ ನಿಂತಿಲ್ಲ.